ಅರಳು ಮರಳು ಎನ್ನುವ ಮುನ್ನ

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬುದು ಗಾದೆಗಳು ತಮಗೆ ತಾವೇ ಬರೆದುಕೊಂಡಿರುವ ಯೋಗ್ಯತಾಪತ್ರ. ಹೆಚ್ಚಿನ ಗಾದೆಗಳು ಅದಕ್ಕೆ ಅರ್ಹವೂ ಆಗಿವೆ. ಆದರೆ ಒಂದು ಗಾದೆಯ ವಿಷಯದಲ್ಲಿ ನನಗೆ ಬಹುಕಾಲದಿಂದ ತಕರಾರಿದೆ. ‘ಅರವತ್ತಕ್ಕೆ ಅರಳು ಮರಳು’ ಎಂಬುದೇ ಆ ಗಾದೆ. ಇದನ್ನು ಆಡುವವರ ಮನಸ್ಸಿನಲ್ಲಿ ಕೇಡೇನೂ ಇರುವುದಿಲ್ಲ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಅದನ್ನೇ ಅರಸುವ ಹಿರಿಯರನ್ನು ಕಂಡಾಗ ನಗುತ್ತ ಆಡುವ ಮಾತು ಅದು. ಆ ಹಿರಿಯರೂ ಜೊತೆಗೂಡಿ ನಗುವುದುಂಟು. ಬೇಂದ್ರೆಯವರಂತೂ ಈ ಮಾತನ್ನೇ ತಿರುವಿಹಾಕಿ, ಅದರೊಳಗಿಂದ ಮರಳಿ ಅರಳುವುದೆಂಬ ಅರ್ಥವನ್ನು ಹೊರಡಿಸಿ, ತಮ್ಮ ಅರವತ್ತರ ಹೊಸ್ತಿಲಿನ ಕವಿತೆಗಳಿಗೆ ಅದೇ ಹೆಸರನ್ನಿಟ್ಟರು. ‘ಅರಳು ಮರಳು’ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನೂ ಪಡೆಯಿತು. ಅರವತ್ತು ಎಂದರೆ ಬುದ್ಧಿ ಬಾಡುವ ಕಾಲವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೂ ಗಾದೆಯ ಹಳೆಯ ಅರ್ಥವೇ ಜನರ ನಾಲಿಗೆಯ ಮೇಲೆ ನಿಂತಿದೆ. ನಿಂತು, ಒಂದು ಕಾಯಿಲೆಯನ್ನು ಕಾಯಿಲೆಯೆಂದು ಕಾಣದ ಹಾಗೆ ನಮ್ಮ ಕಣ್ಣಿಗೆ ಪರದೆ ಕಟ್ಟಿದೆ. ನನ್ನ ತಕರಾರು ಇರುವುದು ಅಲ್ಲಿಯೇ.

ಈ ತಕರಾರು ಪುಸ್ತಕದಿಂದ ಬಂದುದಲ್ಲ, ನನ್ನ ಸೋದರತ್ತೆಯಿಂದ ಬಂದುದು. ಹಾಸನದ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ ಆಕೆಯ ಮನೆ. ಚೊಕ್ಕಟವೆಂದರೆ ಆಕೆಗೆ ಪ್ರಾಣ. ಕೋಳಿ ಕೂಗುವ ಹೊತ್ತಿಗೆ ಕಡ್ಡಿಪೊರಕೆಯ ಸದ್ದು ಅಂಗಳದಲ್ಲಿ ಕೇಳಿಸುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ಸಗಣಿ ನೀರು ಚಿಮುಕಿಸಿ, ಹೊಸ್ತಿಲು ತೊಳೆದು, ರಂಗೋಲಿ ಎಳೆದು ಮುಗಿದಿರುತ್ತಿತ್ತು. ಅರವತ್ತೆಂಟನೆಯ ವಯಸ್ಸಿನ ಸುಮಾರಿಗೆ ಆಕೆ ಅಂಗಳವನ್ನು ಎರಡು ಸಲ ಗುಡಿಸತೊಡಗಿದಳು. ಆಮೇಲೆ ಮೂರು ಸಲ, ನಾಲ್ಕು ಸಲ. ಎಳೆದ ರಂಗೋಲಿಯನ್ನು ತಾನೇ ಗುಡಿಸಿಹಾಕಿ, ‘ಇನ್ನೂ ರಂಗೋಲಿ ಇಟ್ಟಿಲ್ಲವಲ್ಲ’ ಎಂದು ಪೇಚಾಡುವಳು. ನಾವು ನಕ್ಕೆವು. ಗಾದೆ ಸಿದ್ಧವಾಗಿಯೇ ಇತ್ತು. ರಜಕ್ಕೆಂದು ಹೋಗಿದ್ದ ನನ್ನನ್ನು ಒಂದು ಮಧ್ಯಾಹ್ನ ‘ಊಟವಾಯಿತೇನೋ ಮಗು?’ ಎಂದು ಆಕೆ ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ಕೊನೆಗೊಮ್ಮೆ ನಾನು ಸಿಡುಕಿ, ‘ಎಷ್ಟು ಸಲ ಹೇಳಬೇಕು ಅತ್ತೆ?’ ಎಂದೆ. ಆಕೆಯ ಮುಖದಲ್ಲಿ ಮೂಡಿದ ಗಾಬರಿಯನ್ನು ನಾನು ಈವರೆಗೂ ಮರೆತಿಲ್ಲ. ತಾನು ಮೊದಲೇ ಕೇಳಿದ್ದೆನೆಂಬುದು ಆಕೆಗೆ ಆಗ ತಾನೆ ತಿಳಿದಿತ್ತು. ಇನ್ನೈದು ನಿಮಿಷಕ್ಕೆ ಆ ತಿಳಿವೂ ಅಳಿಸಿಹೋಯಿತು. ಆಕೆ ಮತ್ತೆ ಕೇಳಿದಳು. ಅಂಗಳವನ್ನು ನಾಲ್ಕು ಸಲ ಗುಡಿಸುತ್ತಿದ್ದ ಆಕೆಯ ತಲೆಯೊಳಗೆ, ಪ್ರತಿಯೊಬ್ಬರ ತಲೆಯೊಳಗೂ ಹಗಲಿರುಳು ನಡೆಯಬೇಕಾದ ಮತ್ತೊಂದು ಗುಡಿಸುವಿಕೆ ಸೋತುಹೋಗಿತ್ತೆಂದು ಊಹಿಸುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ.

ಆ ಎರಡನೆಯ ಗುಡಿಸುವಿಕೆಯ ವಿಷಯವನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ. ಅದಕ್ಕಾಗಿ ವಾಚಕರು ನನ್ನೊಡನೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದವರೆಗೆ ಬರಬೇಕು. ೧೯೦೧ರ ನವೆಂಬರಿನಲ್ಲಿ ಅಲ್ಲಿಯ ಮಾನಸಿಕ ಚಿಕಿತ್ಸಾಲಯಕ್ಕೆ ಅಗಸ್ಟೆ ಎಂಬ ಹೆಂಗಸೊಬ್ಬಳನ್ನು ಸೇರಿಸಿದರು. ವೈದ್ಯ ಅಲೋಯ್ಸ್ ಆಲ್ಝೈಮರ್ ಆಕೆಯನ್ನು ಮಾತನಾಡಿಸಿ ಬರೆದಿಟ್ಟ ಕಡತ ಕಳೆದುಹೋಯಿತೆಂದೇ ಎಲ್ಲರೂ ಭಾವಿಸಿದ್ದರು. ಅದು ಮತ್ತೆ ದೊರೆತದ್ದು ೧೯೯೫ರಲ್ಲಿ. ಹೆಸರೇನೆಂದು ಕೇಳಿದರೆ ಆಕೆ ತನ್ನ ಹೆಸರು ಹೇಳುತ್ತಾಳೆ. ಗಂಡನ ಹೆಸರೇನೆಂದು ಕೇಳಿದರೂ ತನ್ನ ಹೆಸರನ್ನೇ ಹೇಳುತ್ತಾಳೆ. ತಟ್ಟೆಯಲ್ಲಿರುವುದು ಹೂಕೋಸು ಮತ್ತು ಮಾಂಸ. ಏನು ತಿನ್ನುತ್ತಿರುವೆ ಎಂದರೆ ಸೊಪ್ಪಿನ ಹೆಸರು ಹೇಳುತ್ತಾಳೆ. ಆಕೆಗೆ ಆಗ ಐವತ್ತೊಂದು ವರ್ಷ. ಗಾದೆ ಗೊತ್ತುಮಾಡಿರುವ ಗಡುವಿಗೆ ಇನ್ನೂ ಒಂಬತ್ತು ವರ್ಷ ಬಾಕಿ!

ಆಕೆ ತೀರಿಕೊಂಡದ್ದು ೧೯೦೬ರ ಏಪ್ರಿಲಿನಲ್ಲಿ. ಆ ವೇಳೆಗೆ ಮ್ಯೂನಿಕ್ ಸೇರಿದ್ದ ಆಲ್ಝೈಮರ್ ಆಕೆಯ ಮಿದುಳನ್ನು ತರಿಸಿಕೊಂಡು, ತೆಳುವಾಗಿ ಸೀಳಿ, ಬೆಳ್ಳಿಯ ಲವಣದಿಂದ ಬಣ್ಣಗಟ್ಟಿಸಿ ಸೂಕ್ಷ್ಮದರ್ಶಕದಡಿಯಲ್ಲಿ ನೋಡಿದ. ನರಕೋಶಗಳ ನಡುವೆ ಚಕ್ಕೆಚಕ್ಕೆಯಾಗಿ ಏನೋ ಹೆಪ್ಪುಗಟ್ಟಿತ್ತು. ನರಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಗಂಟುಗಳಿದ್ದವು. ಆ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ಅವನು ಇದನ್ನು ವಿವರಿಸಿದಾಗ ಸಭಿಕರಿಂದ ಒಂದು ಪ್ರಶ್ನೆಯೂ ಬರಲಿಲ್ಲವಂತೆ. ೧೯೧೦ರಲ್ಲಿ ಅವನ ಹಿರಿಯ ಸಹೋದ್ಯೋಗಿ ಕ್ರೆಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ಬೇನೆಗೆ ಆಲ್ಝೈಮರನ ಹೆಸರಿಟ್ಟ. ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನ ವೈದ್ಯಲೋಕವೂ ನಮ್ಮ ಗಾದೆಯನ್ನೇ ನಂಬಿ ಕುಳಿತಿತ್ತೆಂದರೆ ಆಶ್ಚರ್ಯವಾಗಬಹುದು. ಐವತ್ತರಲ್ಲಿ ಬಂದರೆ ಅದು ಆಲ್ಝೈಮರನ ಅಪರೂಪದ ರೋಗ. ಎಪ್ಪತ್ತರಲ್ಲಿ ಬಂದರೆ ಬರಿಯ ಮುಪ್ಪು ಎಂದು ವಿಂಗಡಿಸಿ ಕೈತೊಳೆದುಕೊಂಡಿದ್ದರು. ೧೯೬೮ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ನಗರದ ಮೂವರು ವೈದ್ಯರು ವೃದ್ಧರ ಮಿದುಳುಗಳಲ್ಲಿ ಈ ಚಕ್ಕೆಗಳನ್ನು ಎಣಿಸಿ, ಚಕ್ಕೆಗಳು ಹೆಚ್ಚಿದಷ್ಟೂ ಬದುಕಿದ್ದಾಗಿನ ಮರೆವು ಹೆಚ್ಚಾಗಿತ್ತೆಂದು ತೋರಿಸಿದರು. ೧೯೭೬ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಝ್‌ಮನ್, ಎರಡೂ ಒಂದೇ ರೋಗವೆಂದು ಬಲವಾಗಿ ವಾದಿಸಿದರು. ಆಗ ವೈದ್ಯಲೋಕದ ಕಣ್ಣಿನ ಪರದೆ ಸರಿಯಿತು. ನಮ್ಮ ಮನೆಗಳಲ್ಲಿ ಅದು ಇನ್ನೂ ಸರಿದಿಲ್ಲ.

ಹಾಗಾದರೆ ಆ ಚಕ್ಕೆಗಳೂ ಗಂಟುಗಳೂ ಯಾವ ವಸ್ತುವಿನವು? ಎರಡೂ ಪ್ರೋಟೀನುಗಳು, ನಮ್ಮ ಹಳೆಯ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆಯುತ್ತಿದ್ದ ವಸ್ತುವೇ. ಚಕ್ಕೆಯಲ್ಲಿರುವುದು ಬೀಟಾ ಅಮಿಲಾಯ್ಡ್. ೧೯೮೪ರಲ್ಲಿ ಗ್ಲೆನರ್ ಮತ್ತು ವಾಂಗ್ ಅದನ್ನು ಬೇರ್ಪಡಿಸಿ ಗುರುತಿಸಿದರು. ಗಂಟಿನಲ್ಲಿರುವುದು ಟೌ ಎಂಬ ಮತ್ತೊಂದು. ೧೮೧೭ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ ನಡುಕದ ರೋಗದಲ್ಲಿ ನರಕೋಶಗಳೊಳಗೆ ಉಂಡೆಗಟ್ಟುವುದು ಆಲ್ಫಾ ಸೈನ್ಯೂಕ್ಲಿನ್ ಎಂಬುದೆಂದು ೧೯೯೭ರಲ್ಲಿ ತಿಳಿಯಿತು. ಪ್ರೋಟೀನೆಂಬುದು ಒಂದು ಉದ್ದನೆಯ ಎಳೆ; ಅದು ತನ್ನ ಕೆಲಸಕ್ಕೆ ತಕ್ಕಂತೆ ಮಡಿಸಿಕೊಳ್ಳಬೇಕು. ಮಡಿಕೆ ತಪ್ಪಿದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹೆಪ್ಪುಗಟ್ಟುತ್ತವೆ. ರೋಗಗಳ ಹೆಸರು ಬೇರೆ, ಪ್ರೋಟೀನು ಬೇರೆ, ಪೆಟ್ಟು ಬೀಳುವ ಮಿದುಳಿನ ಭಾಗ ಬೇರೆ. ಆದರೆ ಕೂಡಿಹಾಕಬಾರದ್ದು ಕೂಡಿಬಿದ್ದಿದೆಯೆಂಬ ಸಂಗತಿ ಎಲ್ಲಕ್ಕೂ ಸಮಾನ.

ಇಲ್ಲಿ ಒಂದು ಸೂಕ್ಷ್ಮವಿದೆ. ಬೀಟಾ ಅಮಿಲಾಯ್ಡ್ ಎಂಬುದು ರೋಗಿಯ ಮಿದುಳಿನಲ್ಲಿ ಮಾತ್ರ ಹುಟ್ಟುವ ವಿಷವಲ್ಲ. ಈ ಸಾಲುಗಳನ್ನು ಓದುತ್ತಿರುವ ವಿದ್ಯಾರ್ಥಿಯ ಮಿದುಳಿನಲ್ಲಿಯೂ ಅದು ಈ ಗಳಿಗೆಯಲ್ಲಿ ಹುಟ್ಟುತ್ತಿದೆ. ಹಾಗಿದ್ದ ಮೇಲೆ ಕೆಲವರಲ್ಲಿ ಮಾತ್ರ ಅದು ಏಕೆ ಕೂಡಿಬೀಳಬೇಕು? ಮನೆಯ ಜಮಾಖರ್ಚು ಬರೆದವರಿಗೆಲ್ಲ ಉತ್ತರ ಗೊತ್ತು: ಇಲ್ಲವೆ ಜಮೆ ಹೆಚ್ಚಾಗಿರಬೇಕು, ಇಲ್ಲವೆ ಖರ್ಚು ಕಡಿಮೆಯಾಗಿರಬೇಕು. ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಜ್ಞಾನಿಗಳು ೨೦೧೦ರಲ್ಲಿ ಈ ಲೆಕ್ಕವನ್ನು ಬದುಕಿರುವ ಮನುಷ್ಯರಲ್ಲಿಯೇ ತೆಗೆದರು. ರೋಗಿಗಳು ಹನ್ನೆರಡು ಮಂದಿ, ಆರೋಗ್ಯವಂತರು ಹನ್ನೆರಡು ಮಂದಿ. ಗಂಟೆಗೆ ಹೊಸದಾಗಿ ಹುಟ್ಟುವ ಅಮಿಲಾಯ್ಡಿನ ಪ್ರಮಾಣ ಎರಡು ಗುಂಪಿನಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದರೆ ಗಂಟೆಗೆ ಹೊರಬೀಳುವ ಪ್ರಮಾಣ ಆರೋಗ್ಯವಂತರಲ್ಲಿ ಶೇಕಡ ೭.೬, ರೋಗಿಗಳಲ್ಲಿ ಶೇಕಡ ೫.೩. ಇಪ್ಪತ್ತನಾಲ್ಕು ಮಂದಿಯ ಲೆಕ್ಕ ದೊಡ್ಡದೇನಲ್ಲ; ಕೆಲವು ವಂಶಗಳಲ್ಲಿ ಜೀನಿನ ದೋಷದಿಂದ ಚಿಕ್ಕ ವಯಸ್ಸಿಗೇ ಬರುವ ವಿರಳವಾದ ರೋಗದಲ್ಲಿ ಜಮೆಯ ಬದಿಯ ತಪ್ಪು ಇದ್ದೇ ಇದೆ. ಆದರೂ ಮುಪ್ಪಿನಲ್ಲಿ ಬರುವ ಸಾಮಾನ್ಯ ರೂಪದಲ್ಲಿ ಮಿದುಳು ತಪ್ಪುವುದು ತಯಾರಿಸುವುದರಲ್ಲಲ್ಲ, ಹೊರಹಾಕುವುದರಲ್ಲಿ ಎಂಬ ವಿಚಾರಕ್ಕೆ ಇದರಿಂದ ಬಲ ಬಂದಿತು.

ಹೊರಹಾಕುವ ಏರ್ಪಾಡು ಒಂದಲ್ಲ, ಹಲವು. ಮೊದಲನೆಯದು ಜೀವಕೋಶದ ಒಳಗಿನದು. ಕೆಟ್ಟ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಚೀಟಿಯನ್ನು ಕೋಶ ಅಂಟಿಸುತ್ತದೆ. ಚೀಟಿ ಬಿದ್ದ ಪ್ರೋಟೀನು ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ಯಂತ್ರದೊಳಗೆ ಹೊಕ್ಕು ಚೂರುಚೂರಾಗುತ್ತದೆ. ಇದನ್ನು ಕಂಡುಹಿಡಿದ ಚೆಖನೋವರ್, ಹೆರ್ಷ್ಕೊ ಮತ್ತು ರೋಸ್ ಅವರಿಗೆ ೨೦೦೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಆದರೆ ಹೆಪ್ಪುಗಟ್ಟಿದ ದೊಡ್ಡ ಮುದ್ದೆ ಆ ಕೊಳವೆಯೊಳಗೆ ಹಿಡಿಸದು. ಅದಕ್ಕೆ ಎರಡನೆಯ ದಾರಿ: ಕೋಶವು ಕಸದ ಸುತ್ತ ಒಂದು ಪೊರೆಯ ಚೀಲವನ್ನು ಹೆಣೆದು, ಆ ಚೀಲವನ್ನು ಲೈಸೋಸೋಮ್ ಎಂಬ ಜೀರ್ಣಕೋಶಕ್ಕೆ ಒಯ್ದು ಸುರಿಯುತ್ತದೆ. ಲೈಸೋಸೋಮನ್ನು ೧೯೫೫ರಲ್ಲಿ ಹೆಸರಿಸಿದ ಬೆಲ್ಜಿಯಮ್ಮಿನ ಕ್ರಿಸ್ಟಿಯಾನ್ ದ ದ್ಯೂವ್ ಅವರೇ ೧೯೬೩ರಲ್ಲಿ ಈ ಕ್ರಿಯೆಗೆ ಆಟೊಫೇಜಿ, ಎಂದರೆ ತನ್ನನ್ನು ತಾನೇ ತಿನ್ನುವುದು, ಎಂದು ಕರೆದರು. ಅದನ್ನು ನಡೆಸುವ ಜೀನುಗಳು ಯಾವುವೆಂದು ಜಪಾನಿನ ಯೊಶಿನೊರಿ ಒಸುಮಿ ಹುಡುಕಿದ್ದು ರೊಟ್ಟಿ ಉಬ್ಬಿಸುವ ಯೀಸ್ಟಿನಲ್ಲಿ! ೨೦೧೬ರ ನೊಬೆಲ್ ಪಾರಿತೋಷಕ ಅವರದು. ಈ ಜೀನುಗಳಲ್ಲೊಂದನ್ನು ಇಲಿಗಳ ನರಕೋಶಗಳಿಂದ ಮಾತ್ರ ತೆಗೆದುಹಾಕಿ ನೋಡಿದ ಜಪಾನಿನ ಎರಡು ತಂಡಗಳು ೨೦೦೬ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದವು. ಇಲಿಗಳಿಗೆ ಯಾವ ವಿಷವನ್ನೂ ಉಣಿಸಿರಲಿಲ್ಲ. ಗುಡಿಸುವುದನ್ನು ನಿಲ್ಲಿಸಿದ್ದರು, ಅಷ್ಟೆ. ನರಕೋಶಗಳಲ್ಲಿ ಪ್ರೋಟೀನಿನ ಮುದ್ದೆಗಳು ತುಂಬಿ, ಇಲಿಗಳ ನಡೆ ತಪ್ಪಿ, ನರಕೋಶಗಳು ಸತ್ತವು.

ಈ ದುರವಸ್ಥೆ ನರಕೋಶಕ್ಕೇ ಏಕೆ ಎಂದು ಕೇಳಬಹುದು. ಚರ್ಮದ ಕೋಶ, ಕರುಳಿನ ಕೋಶ ಇವೆಲ್ಲ ಆಗಾಗ್ಗೆ ಒಡೆದು ಎರಡಾಗುತ್ತವೆ. ಕಸವೂ ಪಾಲಾಗಿ ಹಗುರವಾಗುತ್ತದೆ. ನರಕೋಶಕ್ಕೆ ಆ ಭಾಗ್ಯವಿಲ್ಲ. ನಮ್ಮ ಮಿದುಳಿನ ನರಕೋಶಗಳಲ್ಲಿ ಬಹುಪಾಲು ಹುಟ್ಟಿನಿಂದ ನಮ್ಮ ಜೊತೆಗಿದ್ದು, ನಮ್ಮ ಜೊತೆಯಲ್ಲೇ ಹೋಗತಕ್ಕವು. ಮೇಲಾಗಿ ಅವುಗಳ ಮೈ ವಿಚಿತ್ರವಾಗಿ ಉದ್ದ: ಬೆನ್ನುಹುರಿಯಿಂದ ಪಾದಕ್ಕೆ ಹೋಗುವ ಒಂದೇ ಒಂದು ನರಕೋಶದ ತಂತು ಸುಮಾರು ಒಂದು ಮೀಟರ್ ಇರುತ್ತದೆ. ಆ ತುದಿಯ ಕಸವನ್ನು ಚೀಲದಲ್ಲಿ ಕಟ್ಟಿ, ತಂತುವಿನುದ್ದಕ್ಕೂ ಹೊತ್ತು, ಕೋಶದ ಒಡಲಿಗೆ ತರಬೇಕು. ಎಂಬತ್ತು ವರ್ಷ, ಒಂದು ದಿನವೂ ಬಿಡದೆ! ಸಾಗಣೆ ಸ್ವಲ್ಪ ನಿಧಾನವಾದರೆ ಸಾಕು, ಕಸ ದಾರಿಯಲ್ಲಿ ನಿಲ್ಲುತ್ತದೆ.

ಕೋಶದ ಹೊರಗೆ ಬಿದ್ದ ಕಸಕ್ಕೆ ಬೇರೆ ಏರ್ಪಾಡುಗಳಿವೆ. ೧೯೧೯ರಲ್ಲಿ ಸ್ಪೇನಿನ ರಿಯೊ ಹೊರ್ಟೆಗಾ ಗುರುತಿಸಿದ ಮೈಕ್ರೋಗ್ಲಿಯ ಎಂಬ ಕೋಶಗಳು ಮಿದುಳಿನ ತಳವಾರರಿದ್ದಂತೆ. ಗಸ್ತು ತಿರುಗುತ್ತ ಬೇಡದ್ದನ್ನು ನುಂಗುತ್ತವೆ. ಕೆಲವು ಕಿಣ್ವಗಳು ಅಮಿಲಾಯ್ಡನ್ನು ಇದ್ದಲ್ಲಿಯೇ ಕತ್ತರಿಸುತ್ತವೆ. ಇನ್ನಷ್ಟು ರಕ್ತನಾಳದ ಗೋಡೆಯನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಇವುಗಳ ಜೊತೆಗೆ ನೀರಿನ ದಾರಿಯೊಂದಿದೆ. ಮಿದುಳನ್ನು ಸುತ್ತುವರಿದ ತಿಳಿನೀರು ಒಟ್ಟು ಸುಮಾರು ೧೫೦ ಮಿಲಿಲೀಟರ್. ಆದರೆ ದಿನಕ್ಕೆ ಸುಮಾರು ೫೦೦ ಮಿಲಿಲೀಟರಿನಷ್ಟು ಹೊಸದಾಗಿ ಒಸರುತ್ತದೆ, ಎಂದರೆ ದಿನಕ್ಕೆ ಮೂರು ನಾಲ್ಕು ಸಲ ಬದಲಾಗುತ್ತದೆ. ಈ ನೀರು ಅಪಧಮನಿಗಳ ಪಕ್ಕದ ಓಣಿಗಳಲ್ಲಿ ಮಿದುಳಿನ ಆಳಕ್ಕೆ ಇಳಿದು, ಕೋಶಗಳ ಸಂದಿಗಳನ್ನು ತೊಳೆದು ಹೊರಡುತ್ತದೆಂದು ಅಮೆರಿಕದ ರಾಚೆಸ್ಟರಿನಲ್ಲಿ ಮೈಕೆನ್ ನೆಡರ್ಗಾರ್ಡ್ ಮತ್ತು ಅವರ ಸಂಗಡಿಗರು ೨೦೧೨ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಹೇಳಿದರು. ಮರುವರ್ಷ ಅದೇ ತಂಡದವರು, ನಿದ್ರಿಸುವ ಇಲಿಯ ಮಿದುಳಿನಲ್ಲಿ ಕೋಶಗಳ ನಡುವಣ ಸಂದಿ ಸುಮಾರು ಶೇಕಡ ೬೦ರಷ್ಟು ಹಿಗ್ಗುತ್ತದೆ, ಅಮಿಲಾಯ್ಡ್ ಬೇಗ ಹೊರಹೋಗುತ್ತದೆ ಎಂದರು. ಮಿದುಳಿನ ಹೊದಿಕೆಯಲ್ಲಿ ದುಗ್ಧರಸದ ನಾಳಗಳಿರುವುದನ್ನು ೨೦೧೫ರಲ್ಲಿ ವರ್ಜೀನಿಯ ಮತ್ತು ಹೆಲ್ಸಿಂಕಿಯ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು.

ನಿದ್ರೆಯ ಮಾತು ಬಂದ ಕೂಡಲೆ ಪತ್ರಿಕೆಗಳಿಗೆ ಹಬ್ಬವಾಯಿತು. ‘ಮಲಗಿದರೆ ಮಿದುಳು ತೊಳೆಯುತ್ತದೆ’ ಎಂಬ ಮಾತು ಸೊಗಸಾಗಿಯೂ ಇತ್ತು, ಯಾರಿಗೂ ಅರ್ಥವಾಗುವಂತಿತ್ತು. ಬ್ರಿಟನ್ನಿನಲ್ಲಿ ಸುಮಾರು ಎಂಟು ಸಾವಿರ ಸರಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿ ೨೦೨೧ರಲ್ಲಿ ಹೊರಬಂದ ವರದಿ, ಐವತ್ತು ಅರವತ್ತರ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ರಿಸುತ್ತಿದ್ದವರಲ್ಲಿ ಮುಂದೆ ಮರೆಗುಳಿ ರೋಗ ಹೆಚ್ಚು ಕಂಡಿತೆಂದಿತು. ಆದರೆ ೨೦೨೪ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ಇಲಿಗಳಲ್ಲಿ ಬಣ್ಣದ ಚಲನೆಯನ್ನು ಅಳೆದು, ನಿದ್ರೆಯಲ್ಲಿಯೂ ಅರಿವಳಿಕೆಯಲ್ಲಿಯೂ ಹೊರಹಾಕುವಿಕೆ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ ಎಂದು ಪ್ರಕಟಿಸಿತು. ಅವರ ಅಳತೆಯ ವಿಧಾನವೇ ಸರಿಯಲ್ಲವೆಂದು ಮೊದಲ ತಂಡದವರು ಪ್ರತಿಭಟಿಸಿದರು. ವಾದ ಮುಗಿದಿಲ್ಲ. ಇದನ್ನು ಕಂಡು ವಿಜ್ಞಾನದಲ್ಲಿ ನಂಬಿಕೆ ಕಳೆದುಕೊಳ್ಳಬೇಕಾಗಿಲ್ಲ. ಪ್ರತಿವಾದಿ ಇಲ್ಲದ ನ್ಯಾಯಾಲಯದ ತೀರ್ಪಿಗೆ ಬೆಲೆಯುಂಟೆ? ತರಗತಿಯಲ್ಲಿ ಉಪಾಧ್ಯಾಯರು ಹೇಳಬೇಕಾದ್ದು ಇಷ್ಟು: ನಿದ್ರೆ ಮಿದುಳಿಗೆ ಬೇಕೇ ಬೇಕು, ಅದು ಕಸ ಗುಡಿಸುವ ಹೊತ್ತೇ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಬೇಕಾದ ಪ್ರಶ್ನೆ.

ಇಷ್ಟನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅರೆಬೆಂದ ಜ್ಞಾನದಿಂದ ಎರಡು ಕೇಡುಗಳು ಹುಟ್ಟುವುದನ್ನು ನಾನು ಕಂಡಿದ್ದೇನೆ. ಒಂದು, ವ್ಯಾಪಾರ. ಮಿದುಳಿನ ಕಲ್ಮಷವನ್ನು ತೊಳೆಯುತ್ತೇವೆನ್ನುವ ಪುಡಿ, ಲೇಹ್ಯ, ಮಾತ್ರೆಗಳು ಅಂಗಡಿಗಳಲ್ಲಿ ಸಾಲುಗಟ್ಟಿವೆ. ಯೀಸ್ಟಿನಲ್ಲಿ ಕಂಡ ಸತ್ಯ ಮನುಷ್ಯನ ಔಷಧಿಯಾಗುವುದಕ್ಕೆ ಎಷ್ಟು ಹಂತಗಳಿವೆಯೆಂಬುದನ್ನು ಆ ಡಬ್ಬಿಗಳ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು, ಅದು ದೂಷಣೆ. ‘ರಾತ್ರಿಯೆಲ್ಲ ಓದುತ್ತ ಕೂತಿರುತ್ತಿದ್ದರು, ಅದಕ್ಕೇ ಹೀಗಾಯಿತು’ ಎಂದು ನಿವೃತ್ತ ಉಪಾಧ್ಯಾಯರೊಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತು ಬಂಧುವೊಬ್ಬರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹಿಂದೆ ಕರ್ಮದ ಮೇಲೆ ಹೊರಿಸುತ್ತಿದ್ದುದನ್ನು ಈಗ ನಿದ್ರೆಯ ಮೇಲೆ ಹೊರಿಸಿದರೆ ರೋಗಿಗೆ ಬಂದ ಭಾಗ್ಯವೇನು? ಹಳೆಯ ಗಾದೆಯಲ್ಲಿ ನಗೆಯಾದರೂ ಇತ್ತು. ಈ ಹೊಸ ಮಾತಿನಲ್ಲಿ ಅದೂ ಇಲ್ಲ.

ಹಾಗಾದರೆ ಔಷಧಿಯೇ ಇಲ್ಲವೆ? ಹೊರಗಿನಿಂದ ಪೊರಕೆಯನ್ನು ಕಳುಹಿಸುವ ಪ್ರಯತ್ನ ನಡೆದಿದೆ. ಅಮಿಲಾಯ್ಡಿಗೆ ಅಂಟಿಕೊಂಡು ಅದನ್ನು ತೆರವು ಮಾಡಿಸುವ ಪ್ರತಿಕಾಯಗಳನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಮೊದಲನೆಯದಾದ ಅಡುಕಾನುಮಾಬ್ ಅಮೆರಿಕದಲ್ಲಿ ೨೦೨೧ರಲ್ಲಿ ಬಹಳ ವಿವಾದದ ನಡುವೆ ಒಪ್ಪಿಗೆ ಪಡೆಯಿತು. ೨೦೨೪ರಲ್ಲಿ ಅದರ ತಯಾರಕರೇ ಅದನ್ನು ಕೈಬಿಟ್ಟರು. ಲೆಕಾನೆಮಾಬ್ ೨೦೨೩ರಲ್ಲಿ ಪೂರ್ಣ ಒಪ್ಪಿಗೆ ಪಡೆಯಿತು. ೧೭೯೫ ರೋಗಿಗಳ ಮೇಲೆ ಹದಿನೆಂಟು ತಿಂಗಳು ನಡೆದ ಪರೀಕ್ಷೆಯಲ್ಲಿ, ಔಷಧಿ ಪಡೆದವರ ಇಳಿತ ಪಡೆಯದವರಿಗಿಂತ ಶೇಕಡ ೨೭ರಷ್ಟು ನಿಧಾನವಾಯಿತು. ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆ. ಹದಿನೆಂಟು ಅಂಕಗಳ ಅಳತೆಗೋಲಿನಲ್ಲಿ ವ್ಯತ್ಯಾಸ ಅರ್ಧ ಅಂಕಕ್ಕೂ ಕಡಿಮೆ. ಎಂಟು ಜನರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ಬಾವು ಕಾಣಿಸಿತು. ಕೆಲವರಲ್ಲಿ ಸಣ್ಣ ರಕ್ತಸ್ರಾವಗಳಾದವು. ಅಮೆರಿಕದಲ್ಲಿ ಅದಕ್ಕೆ ಮೊದಲು ಗೊತ್ತುಮಾಡಿದ ಬೆಲೆ ವರ್ಷಕ್ಕೆ ೨೬,೫೦೦ ಡಾಲರ್.

ಆದರೂ ಈ ಫಲಿತಾಂಶವನ್ನು ಹೀಗಳೆಯುವುದು ನ್ಯಾಯವಲ್ಲ. ಕಸ ತೆಗೆದರೆ ರೋಗದ ಓಟ ಅಷ್ಟಾದರೂ ತಗ್ಗುತ್ತದೆಂದು ಮೊದಲ ಬಾರಿಗೆ ತಿಳಿದುಬಂದದ್ದು ಸಣ್ಣ ಮಾತಲ್ಲ. ಅದರ ಜೊತೆಯಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು: ಚಕ್ಕೆಗಳು ಬಹುಮಟ್ಟಿಗೆ ಕರಗಿದರೂ ಹೋದ ನೆನಪು ಹಿಂದಿರುಗುವುದಿಲ್ಲ. ಸತ್ತ ನರಕೋಶವನ್ನು ಪೊರಕೆ ಎಬ್ಬಿಸಲಾರದು. ಚಕ್ಕೆಗಳು ಕೂಡಲು ಆರಂಭವಾಗುವುದು ಮರೆವು ಕಾಣಿಸುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ. ಮನೆಯವರು ‘ಅರಳು ಮರಳು’ ಎಂದು ನಗುವ ದಿನಕ್ಕೆ ಹಾನಿ ಬಹುಪಾಲು ಆಗಿಹೋಗಿರುತ್ತದೆ. ಆ ಮೇಲೂ ಎರಡು ಮೂರು ವರ್ಷ ಗಾದೆಯ ನೆರಳಿನಲ್ಲಿ ಕಳೆದುಬಿಟ್ಟರೆ ವೈದ್ಯನಾದರೂ ಏನು ಮಾಡಿಯಾನು? ಮರೆವಿಗೆ ಕಾರಣ ಥೈರಾಯ್ಡಿನ ಕೊರತೆಯೋ, ಬಿ-೧೨ ಜೀವಸತ್ವದ ಕೊರತೆಯೋ, ಮನಸ್ಸಿನ ಖಿನ್ನತೆಯೋ ಆಗಿರುವುದೂ ಉಂಟು. ಇವು ಚಿಕಿತ್ಸೆಗೆ ಬಗ್ಗುವಂಥವು. ಪರೀಕ್ಷೆಯನ್ನೇ ಮಾಡಿಸದವರಿಗೆ ಈ ಭೇದ ಹೇಗೆ ತಿಳಿಯಬೇಕು? ಗಾದೆಯೊಂದು ಮನುಷ್ಯರಿಗೆ ಹಾನಿ ಮಾಡಬಲ್ಲದೆಂದು ನಾನು ಹೇಳುವುದು ಈ ಅರ್ಥದಲ್ಲಿ.

ನಮ್ಮ ದೇಶದ ಲೆಕ್ಕವನ್ನೂ ನೋಡೋಣ. ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ ೭.೪ ಮಂದಿಗೆ, ಎಂದರೆ ಸುಮಾರು ೮೮ ಲಕ್ಷ ಜನಕ್ಕೆ, ಈ ಬಗೆಯ ಮರೆಗುಳಿ ರೋಗವಿದೆ. ಗಮನಿಸಬೇಕು: ಉಳಿದ ತೊಂಬತ್ತೆರಡಕ್ಕೂ ಮಿಕ್ಕವರಿಗೆ ಇಲ್ಲ. ಇದೇ ಗಾದೆಗೆ ಸಂಖ್ಯೆಗಳು ಕೊಡುವ ಉತ್ತರ. ಇನ್ನೂ ಒಂದು ಸಂಗತಿ ಆ ಸಮೀಕ್ಷೆಯಲ್ಲಿದೆ. ರೋಗ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ನನ್ನ ಅತ್ತೆ ಈ ಮೂರು ಸಾಲಿಗೂ ಸೇರಿದವಳು. ಮೂರನೆಯ ತರಗತಿಗೆ ಆಕೆಯನ್ನು ಶಾಲೆಯಿಂದ ಬಿಡಿಸಿದ್ದರು. ಕೈಗೆ ಪೊರಕೆ ಬಂದದ್ದು ಆ ವರ್ಷವೇ.

ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞಮಂಡಲಿ ೨೦೨೪ರಲ್ಲಿ ಬದಲಾಯಿಸಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿಮಾಡಿ, ಅವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಮರೆಗುಳಿ ರೋಗದಲ್ಲಿ ಸುಮಾರು ಶೇಕಡ ೪೫ರಷ್ಟನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು ಅಂದಾಜು ಮಾಡಿತು. ಏರಿದ ರಕ್ತದೊತ್ತಡ, ಸಿಹಿಮೂತ್ರ, ಧೂಮಪಾನ, ಕಿವುಡು, ಮಂದದೃಷ್ಟಿ, ತಲೆಯ ಪೆಟ್ಟು, ಕೆಟ್ಟ ಗಾಳಿ, ಒಂಟಿತನ ಇವೆಲ್ಲ ಅದರಲ್ಲಿವೆ. ಬಾಲ್ಯದಲ್ಲಿ ವಿದ್ಯೆ ಸಿಗದಿರುವುದೂ ಇದೆ. ಇದು ಸಮಾಜಕ್ಕೆ ಹೇಳಿದ ಲೆಕ್ಕ. ಒಬ್ಬ ರೋಗಿಯ ಮುಂದೆ ಹಿಡಿದು ‘ನೀನು ಹೀಗೆ ಮಾಡಬೇಕಾಗಿತ್ತು’ ಎನ್ನುವುದಕ್ಕಲ್ಲ. ಆದರೆ ಸಮಾಜ ಅದನ್ನು ಕೇಳಿಸಿಕೊಳ್ಳಬೇಕು. ಹೆಣ್ಣುಮಗುವನ್ನು ಶಾಲೆಯಲ್ಲಿ ಉಳಿಸುವ ಉಪಾಧ್ಯಾಯಿನಿ ಅರವತ್ತು ವರ್ಷಗಳ ಆಚೆಯ ಒಬ್ಬ ಮುದುಕಿಯ ನೆನಪಿಗೂ ಕಾವಲು ನಿಂತಿರುತ್ತಾಳೆ. ಊರಿನ ಆಸ್ಪತ್ರೆಯಲ್ಲಿ ರಕ್ತದೊತ್ತಡ ನೋಡಿ ಮಾತ್ರೆ ಕೊಡುವ ದಾದಿ, ೨೬,೫೦೦ ಡಾಲರಿನ ಪೊರಕೆ ಮಾಡಲಾರದ ಕೆಲಸವನ್ನು ಮಾಡುತ್ತಿರಬಹುದು. ನಾವು ಪಾರಿತೋಷಕ ಬಂದಾಗ ಹಾರ ಹಾಕುವುದನ್ನು ಬಲ್ಲೆವು. ಈ ದಿನದಿನದ ಕೆಲಸಕ್ಕೆ ಹಾರವಿಲ್ಲ. ಮಿದುಳೊಳಗೂ ಹಾಗೆಯೇ ಆಯಿತಲ್ಲವೆ? ನೆನಪು, ಕಲ್ಪನೆ, ಮಾತು ಇವುಗಳನ್ನು ಹೊಗಳಿ ಕಾವ್ಯ ಬರೆದೆವು. ಅವು ನಿಲ್ಲುವ ನೆಲವನ್ನು ಗುಡಿಸುವವರು ಯಾರೆಂದು ಮೊನ್ನೆ ಮೊನ್ನೆಯವರೆಗೂ ಕೇಳಲೇ ಇಲ್ಲ.

ಕೇಳುವ ಕೆಲಸ ನಮ್ಮ ನಾಡಿನಲ್ಲಿಯೂ ನಡೆದಿದೆಯೆಂಬುದನ್ನು ಅಭಿಮಾನದಿಂದ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷವರ್ಷವೂ ಪರೀಕ್ಷಿಸುವ ಗುರಿಯಿಟ್ಟು ದೊಡ್ಡ ಅಧ್ಯಯನವೊಂದನ್ನು ಕೈಗೊಂಡಿದ್ದಾರೆ. ಪಶ್ಚಿಮದ ಪಟ್ಟಣಿಗರ ಮಿದುಳಿನ ಮೇಲೆ ಕಟ್ಟಿದ ಶಾಸ್ತ್ರ ನಮ್ಮ ರೈತ, ನಮ್ಮ ಕೂಲಿಯ ಹೆಂಗಸು ಇವರಿಗೆ ಎಷ್ಟು ಹೊಂದುತ್ತದೆಂಬುದು ಇಂಥ ಕೆಲಸದಿಂದಲೇ ತಿಳಿಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಿಂದ ಮಾನವ ಮಿದುಳಿನ ಭಂಡಾರವಿದೆ. ನೇತ್ರದಾನಕ್ಕೆ ಹೆಸರು ಬರೆಸುವವರನ್ನು ನಾವು ಊರೂರಿನಲ್ಲಿ ಕಾಣುತ್ತೇವೆ. ಮಿದುಳಿನ ದಾನವೆಂದರೆ ಹಿಂಜರಿಯುತ್ತೇವೆ. ಫ್ರಾಂಕ್‌ಫರ್ಟಿನ ಆ ಹೆಂಗಸಿನ ಮಿದುಳು ಅವಳೊಡನೆ ಮಣ್ಣಾಗಿದ್ದರೆ ಈ ವಿದ್ಯೆಯ ಮೊದಲ ಪುಟವೇ ತೆರೆಯುತ್ತಿರಲಿಲ್ಲ. ಹಿಂಜರಿಕೆಯನ್ನು ಬಿಡಬೇಕಾದ ಕಾಲ ಬಂದಿದೆಯೆಂದು ನನ್ನ ಅಭಿಪ್ರಾಯ.

ವಿದ್ಯೆ ಬೆಳೆಯಲಿ, ಔಷಧಿ ಬರಲಿ. ಅದು ಬರುವವರೆಗೆ ನಮ್ಮ ಕೈಯಲ್ಲಿರುವುದು ನಡತೆ. ನಾಲಿಗೆಯ ತುದಿಗೆ ಬರುವ ಆ ಗಾದೆಯನ್ನು ನುಂಗಿಕೊಂಡು, ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯೋಣ. ನಿಜವಾಗಿ ರೋಗವೇ ಆಗಿದ್ದರೆ, ಪ್ರಶ್ನೆ ಕೇಳುತ್ತಿರುವುದು ಹಟವಲ್ಲ, ಅಸಡ್ಡೆಯಲ್ಲ. ಕೇಳುವವರ ಪಾಲಿಗೆ ಪ್ರತಿ ಸಲವೂ ಅದು ಮೊದಲನೆಯ ಸಲ ಎಂಬುದನ್ನು ನೆನಪಿಟ್ಟುಕೊಳ್ಳೋಣ. ನೆನಪಿಟ್ಟುಕೊಳ್ಳುವ ಶಕ್ತಿ ಇನ್ನೂ ಉಳಿದಿರುವುದು ನಮಗೆ ತಾನೆ?

ಅತ್ತೆ ತೀರಿಕೊಂಡು ಬಹಳ ವರ್ಷಗಳಾದವು. ಕೊನೆಯ ದಿನಗಳಲ್ಲಿ ಆಕೆಗೆ ನನ್ನ ಹೆಸರು ಗೊತ್ತಾಗುತ್ತಿರಲಿಲ್ಲ. ಆದರೆ ಎದುರಿಗೆ ಯಾರು ಕುಳಿತರೂ ಅವರನ್ನು ನೋಡಿ, ಹಸಿದಿರಬಹುದೆಂಬ ಕಾಳಜಿಯಿಂದ, ಅದೇ ಪ್ರಶ್ನೆಯನ್ನು ಕೇಳುತ್ತಿದ್ದಳು. ಹೆಸರುಗಳೆಲ್ಲ ಹೋದಮೇಲೂ ಆ ಪ್ರಶ್ನೆ ಉಳಿದಿತ್ತು. ಈಗ ಕೇಳಿದ್ದರೆ, ಎಷ್ಟನೆಯ ಸಲವೆಂದು ಎಣಿಸದೆ, ‘ಆಯಿತು ಅತ್ತೆ, ನಿಮ್ಮದಾಯಿತೆ?’ ಎಂದು ಹೇಳುತ್ತಿದ್ದೆ.